ಎರೆಯುವ ಚಿಕ್ಕವೆಂಕಟಮ್ಮ ಕೇಳದೆ ಬಿಟ್ಟ ಮಾತು

ಶಿಡ್ಲಘಟ್ಟದಲ್ಲಿ ಇವತ್ತು ಕಾಲೇಜಿಗೆ ಹೋಗುವ ವಯಸ್ಸಿನ ಹುಡುಗ ಹುಡುಗಿಯರ ತಲೆ ದುಂಡಗಿದ್ದರೆ, ಮೂಗು ನೆಟ್ಟಗಿದ್ದರೆ, ಅದರಲ್ಲಿ ಅರ್ಧ ಪುಣ್ಯ ತನ್ನದು ಎಂದು ಚಿಕ್ಕವೆಂಕಟಮ್ಮ ಹೇಳಿಕೊಳ್ಳುತ್ತಿದ್ದಳು. ಇನ್ನರ್ಧವನ್ನು ದೇವರು ಇಟ್ಟುಕೊಳ್ಳಲಿ, ಅವನೂ ಬದುಕಬೇಕಲ್ಲ ಎಂದು ನಗುತ್ತಿದ್ದಳು. ನಗುವಾಗ ಅವಳ ಹೊಟ್ಟೆಯೂ ನಗುತ್ತಿತ್ತು. ಆ ನಗುವನ್ನು ನೋಡಿದವರಿಗೆ ಮುಂದಿನ ಕಥೆ ಹೇಳುವುದು ಕಷ್ಟ, ನೋಡದವರಿಗೆ ನಂಬುವುದು ಕಷ್ಟ.

ಅವಳೇನು ಹೆರಿಗೆ ಮಾಡಿಸುವವಳಲ್ಲ. ಅದಕ್ಕೆ ಆಸ್ಪತ್ರೆ ಇದೆ, ಡಾಕ್ಟರುಗಳಿದ್ದಾರೆ. ಆಸ್ಪತ್ರೆಯಿಂದ ಕೂಸು ಮನೆಗೆ ಬಂದ ಮೇಲೆ ಚಿಕ್ಕವೆಂಕಟಮ್ಮನ ರಾಜ್ಯ ಶುರುವಾಗುತ್ತಿತ್ತು. ಬಚ್ಚಲಲ್ಲಿ ಮಣೆ ಹಾಕಿ, ಸೀರೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿ, ಎರಡು ಕಾಲನ್ನೂ ನೀಡಿಕೊಂಡು ಕೂರುವಳು. ಮೊಣಕಾಲಿನ ಕೆಳಗೆ, ಆ ಬರಿಗಾಲುಗಳ ಮೇಲೆ, ಕೂಸನ್ನು ಮಲಗಿಸಿಕೊಳ್ಳುವಳು. ಹರಳೆಣ್ಣೆ ತಿಕ್ಕಿ, ಕೈಕಾಲು ನೀವಿ, ನೆತ್ತಿಗೆ ಎಣ್ಣೆ ತಟ್ಟಿ, ಹಂಡೆಯ ಬಿಸಿನೀರನ್ನು ಚೊಂಬು ಚೊಂಬಾಗಿ ಎರೆಯುವಳು. ಬೇರೆಯವರ ಕೈಯಲ್ಲಿ ಊರು ಹಾರಿ ಹೋಗುವಂತೆ ಅರಚುವ ಕೂಸು ಅವಳ ಕಾಲ ಮೇಲೆ ಅರ್ಧ ಸ್ನಾನಕ್ಕೇ ನಿದ್ದೆ ಹೋಗುತ್ತಿತ್ತು. ಮೇಷ್ಟರ ಮನೆ, ಗುಮಾಸ್ತರ ಮನೆ, ರೇಷ್ಮೆ ನೂಲು ತೆಗೆಯುವ ಸಾಬರ ಮನೆ ಎಂಬ ಭೇದ ಅವಳ ಕಾಲಿಗಿರಲಿಲ್ಲ. ನೂಲಿನ ಕೆಲಸದ ನೂರುನ್ನೀಸಾಳ ಐದೂ ಮಕ್ಕಳು ಆ ಕಾಲ ಮೇಲೆ ಮಲಗಿ ಎದ್ದವರೇ. ಅದರಿಂದ ಇಬ್ಬರಿಗೂ ಹುಟ್ಟಿದ ಸ್ನೇಹ ಅಕ್ಕತಂಗಿಯರ ಜಗಳದಷ್ಟೇ ಗಟ್ಟಿಯಾಗಿತ್ತು.

ಗಂಡ ಮುನಿಗಂಗಪ್ಪ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಇದ್ದೊಬ್ಬ ಮಗಳು ತನುಜಳನ್ನು ಅದಕ್ಕೆ ಮುಂಚೆಯೇ ಗೌರಿಬಿದನೂರಿಗೆ ಕೊಟ್ಟಾಗಿತ್ತು. ಅಳಿಯ ಅಚ್ಯುತ್ ಅಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ, ಒಳ್ಳೆಯ ಹುಡುಗ. ಬೀಗಿತಿ ಶ್ಯಾಮಲಮ್ಮನ ನಾಲಿಗೆ ಮಾತ್ರ ಹರಿತ.

ಗಂಡ ಹೋದ ವರ್ಷವೇ ಅವಳ ಕಾಲ ಮೇಲೆ ಅದು ಕಾಣಿಸಿಕೊಂಡಿತು. ಮೊದಲು ಕೆಂಪಗೆ ಒಂದು ಮಚ್ಚೆ, ಆಮೇಲೆ ಅದರ ಮೇಲೆ ಬಿಳಿ ಹೊಟ್ಟು. ಕೆರೆದರೆ ಮೀನಿನ ಪೊರೆಯಂತೆ ಉದುರುತ್ತಿತ್ತು. ದಿನಾ ಕೂಸುಗಳಿಗೆ ತಿಕ್ಕಿದ ಎಣ್ಣೆ ಅವಳ ಕಾಲಿಗೂ ಇಳಿಯುತ್ತಿದ್ದುದರಿಂದ ಬಹಳ ದಿನ ಅದು ಎದ್ದು ಕಾಣಲಿಲ್ಲ. ಎರೆಯುವ ಮನೆಗಳು ಕಡಿಮೆಯಾದ ಒಂದು ಚಳಿಗಾಲದಲ್ಲಿ ಮಾತ್ರ ಕಾಲು ಒಣಗಿ, ಮಚ್ಚೆಗಳು ಒಂದಕ್ಕೊಂದು ಕೂಡಿಕೊಂಡು, ಮಂಡಿಯಿಂದ ಪಾದದ ತನಕ ಹಬ್ಬಿದವು. ಹೊಂಗೆ ಎಣ್ಣೆ ಹಚ್ಚಿದಳು, ಬೇವಿನ ಸೊಪ್ಪು ಅರೆದು ಮೆತ್ತಿದಳು. ಕೂಸನ್ನು ಮಲಗಿಸುವ ಮುಂಚೆ ಕಾಲ ಮೇಲೆ ಒಗೆದ ಪಂಚೆ ಹಾಸಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಳು. ಯಾರಾದರೂ ಕೇಳಿದರೆ, ಕೂಸಿಗೆ ನನ್ನ ಮೂಳೆ ಒತ್ತುತ್ತೆ ಕಣಮ್ಮ, ಅದಕ್ಕೆ ಎನ್ನುವಳು.

ಅಷ್ಟರಲ್ಲಿ ತನುಜ ಬಸುರಿಯಾದಳು.

ಊರಿನ ಮಕ್ಕಳಿಗೆಲ್ಲ ಎರೆದವಳಿಗೆ ತನ್ನ ಮೊಮ್ಮಗುವಿಗೆ ಎರೆಯುವ ಆಸೆ ಎಷ್ಟಿರಬೇಕು, ಹೇಳಿ. ಚೊಚ್ಚಲ ಬಾಣಂತನ ತವರಿನದು. ಅದು ತಾಯಿಗೆ ಬರೀ ಕರ್ತವ್ಯವಲ್ಲ, ಹಕ್ಕು. ಚಿಕ್ಕವೆಂಕಟಮ್ಮ ಕರಿ ಎಳ್ಳು, ಕೊಬ್ಬರಿ, ಒಣಶುಂಠಿ ಕೂಡಿಹಾಕಿದಳು, ಹಂಡೆಗೆ ಕಲಾಯಿ ಹಾಕಿಸಿದಳು. ಕಾಲಿನದೊಂದು ವಾಸಿಯಾಗಿಬಿಟ್ಟರೆ ಪಂಚೆ ಹಾಸದೆ ಬರಿಗಾಲ ಮೇಲೆಯೇ ಮಲಗಿಸಿಕೊಳ್ಳಬಹುದು ಎಂಬುದೊಂದೇ ಅವಳ ಚಿಂತೆ. ಚಿಕ್ಕಬಳ್ಳಾಪುರದಲ್ಲಿ ಮಧುಸೂದನ್ ಅಂತ ಒಬ್ಬರು ಆಯುರ್ವೇದದ ಡಾಕ್ಟರು ಇದ್ದಾರೆ, ಚರ್ಮದ ಕಾಯಿಲೆಗೆ ಕೈಗುಣ ಚೆನ್ನಾಗಿದೆ ಎಂದು ಯಾರೋ ಹೇಳಿದ್ದೇ ತಡ, ಬಸ್ಸು ಹತ್ತಿದಳು.

ಡಾಕ್ಟರು ಒಳ್ಳೆಯವರು. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಅದೇ ಸಂಕಟ. ಕಾಲನ್ನು ಮುಟ್ಟಿ ನೋಡಿದರು, ಹೊಟ್ಟು ಕೆರೆದು ನೋಡಿದರು, ಏನು ಉಣ್ಣುತ್ತೀರಿ, ನಿದ್ದೆ ಬರುತ್ತದೆಯೇ, ಬೆವರುತ್ತದೆಯೇ ಎಂದು ಕೇಳಿದರು. ಕೊನೆಗೆ, "ಇದು ಶುರುವಾಗೋ ಮುಂಚೆ ಮನಸ್ಸಿಗೆ ಏನಾದ್ರೂ ದೊಡ್ಡ ನೋವಾಗಿತ್ತಾ ಅಮ್ಮ?" ಎಂದರು. ಕಾಲು ತೋರಿಸಲು ಬಂದವಳಿಗೆ ಮುನಿಗಂಗಪ್ಪ ನೆನಪಾಗಿ ಕಣ್ಣು ತುಂಬಿತು. ಡಾಕ್ಟರಿಗೆ ಅವಳ ಮೇಲೆ ಮಮತೆ ಹುಟ್ಟಿತು. ಓದಿದ್ದನ್ನು ವಿವರಿಸಿ ಹೇಳುವುದೆಂದರೆ ಅವರಿಗೆ ಬಲು ಇಷ್ಟ. ರೋಗಿಗೆ ಅರ್ಥವಾದರೆ ಅರ್ಧ ವಾಸಿ ಎಂಬುದು ಅವರ ನಂಬಿಕೆ.

"ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಏಕಕುಷ್ಠ ಅಂತಾರಮ್ಮ" ಎಂದು ಶುರುಮಾಡಿದರು.

ಅಲ್ಲಿಗೆ ಮುಗಿಯಿತು. ಡಾಕ್ಟರು ಆಮೇಲೆ ಎಲ್ಲವನ್ನೂ ಹೇಳಿದರು. ವಾತ ಕಫ ಕೆಟ್ಟು ರಕ್ತ ಸೇರಿದರೆ ಹೀಗಾಗುತ್ತದೆ ಎಂದರು, ಮೊಸರು ಹುಳಿ ಬಿಡಿ ಎಂದರು, ಪೂರ್ತಿ ಬಿಟ್ಟುಹೋಗುತ್ತದೆ ಎಂದು ಸುಳ್ಳು ಹೇಳುವುದಿಲ್ಲ, ಹತೋಟಿಗಂತೂ ಬರುತ್ತದೆ ಎಂದರು. ಇದು ಅಂಟುವ ಕಾಯಿಲೆಯೇ ಅಲ್ಲ, ಧಾರಾಳವಾಗಿ ಮಕ್ಕಳನ್ನು ಮುಟ್ಟಬಹುದು, ಎತ್ತಿಕೊಳ್ಳಬಹುದು ಎಂದೂ ಹೇಳಿದರು. ಹೇಳಿದ್ದು ಗೋಡೆಗೆ. ಕುಷ್ಠ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಚಿಕ್ಕವೆಂಕಟಮ್ಮನ ಕಿವಿ ಮುಚ್ಚಿಹೋಗಿತ್ತು.

ಅವಳು ಹುಟ್ಟಿದ್ದು ನಗರಗೆರೆಯ ಪಕ್ಕದ ಹಳ್ಳಿಯಲ್ಲಿ, ತೆಲುಗು ಕನ್ನಡ ಎರಡೂ ಒಂದೇ ಒಲೆಯಲ್ಲಿ ಬೇಯುವ ಸೀಮೆ. ಆ ರೋಗದ ಹೆಸರನ್ನು ಅಲ್ಲಿ ಬಾಯಲ್ಲಿ ಆಡುತ್ತಿರಲಿಲ್ಲ, ಪೆದ್ದರೋಗಂ, ಅಂದರೆ ದೊಡ್ಡ ರೋಗ, ಎನ್ನುತ್ತಿದ್ದರು. ಅವಳ ದೊಡ್ಡಪ್ಪನಿಗೆ ಅದು ಬಂದಿತ್ತು. ಹೊಲದ ಬದುವಿನಲ್ಲಿ ಒಂದು ಗುಡಿಸಲು ಹಾಕಿ ಅವನನ್ನು ಅಲ್ಲಿಟ್ಟಿದ್ದರು. ಮುದ್ದೆಯನ್ನು ದೂರದಿಂದ ಎಲೆಯ ಮೇಲೆ ಎಸೆದು ಬರುತ್ತಿದ್ದರು. ಅವನ ಸ್ವಂತ ಮಕ್ಕಳೇ ಎಸೆಯುತ್ತಿದ್ದರು. ಅವನು ಸತ್ತಾಗ ಗುಡಿಸಲನ್ನೂ ಅವನೊಂದಿಗೇ ಸುಟ್ಟರು. ಆ ಹೊಗೆಯನ್ನು ನೋಡಿದ ಹುಡುಗಿಗೆ ಈಗ ಐವತ್ತೈದು ವರ್ಷ.

ಬಸ್ಸಿನಲ್ಲಿ ವಾಪಸು ಬರುವಾಗ ಪಕ್ಕದ ಸೀಟು ಖಾಲಿಯಿತ್ತು. ಒಬ್ಬ ಹೆಂಗಸು ಬಂದು ಕೂರಲು ಹೋದರೆ ಚಿಕ್ಕವೆಂಕಟಮ್ಮ ಎದ್ದು ಹಿಂದಕ್ಕೆ ಹೋಗಿ ನಿಂತಳು. ಏಕಕುಷ್ಠ, ಏಕಕುಷ್ಠ ಎಂದು ಮನಸ್ಸಿನಲ್ಲೇ ಮಗುಚಿಹಾಕಿದಳು. ಏಕ ಅಂದರೆ ಒಂದು. ಇನ್ನು ಮೇಲೆ ಒಬ್ಬಳೇ ಇರಬೇಕು ಅಂತಲೇ ಶಾಸ್ತ್ರದಲ್ಲಿ ಆ ಹೆಸರು ಇಟ್ಟಿರಬೇಕು ಎಂದು ಅರ್ಥ ಮಾಡಿಕೊಂಡಳು. ಪಾಪ, ಅಷ್ಟು ಸರಿಯಾಗಿ ಅಷ್ಟು ತಪ್ಪು ಅರ್ಥವನ್ನು ಪಂಡಿತರೂ ಮಾಡಲಾರರು.

ಮರುದಿನದಿಂದ ಎರೆಯುವುದನ್ನು ಬಿಟ್ಟಳು. ಸೊಂಟ ಬಿದ್ದುಹೋಗಿದೆ ಎಂದು ಊರಿಗೆಲ್ಲ ಹೇಳಿದಳು. ಊರು ನಂಬಿತು. ಮಗಳಿಗೆ ಹೇಳುವುದು ಹೇಗೆ? ಸೊಂಟದ ಕಥೆ ಅಲ್ಲಿ ನಡೆಯಲಿಲ್ಲ.

"ಎರೆಯೋದು ಬೇಡ ಬಿಡಮ್ಮ, ಇನ್ಯಾರನ್ನಾದ್ರೂ ಗೊತ್ತು ಮಾಡಣ. ನೀನು ಜೊತೇಲಿ ಕೂತಿರು ಸಾಕು. ನಂಗೆ ಭಯ ಆಗ್ತೈತೆ" ಎಂದಳು ತನುಜ ಫೋನಿನಲ್ಲಿ.

ಜೊತೆಯಲ್ಲಿ ಕೂರುವುದೇ ಬೇಡವಾಗಿತ್ತು ತಾಯಿಗೆ. ಒಂದೇ ಮನೆ, ಒಂದೇ ಗಾಳಿ, ಹಸಿ ಬಾಣಂತಿ, ಎಳೇ ಕೂಸು. ಮೆತ್ತಗೆ ಹೇಳಿದರೆ ಮಗಳು ಬಂದೇ ಬರುತ್ತಾಳೆ. ಬಾರದಂತೆ ಮಾಡಬೇಕಾದರೆ ಮಾತು ಕುಯ್ಯುವಂತಿರಬೇಕು. ಚಿಕ್ಕವೆಂಕಟಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, ಗಂಟಲು ಗಟ್ಟಿ ಮಾಡಿಕೊಂಡು ಹೇಳಿದಳು: "ಬರಬೇಡ ಅಂದ್ರೆ ಬರಬೇಡ ಕಣೇ. ಊರವರ ಹೇಲು ಉಚ್ಚೆ ಬಳಿದು ಸಾಕಾಗೈತೆ ನಂಗೆ. ನಿಂದೂ ಬೇರೆ ಬಳೀಬೇಕಾ? ನಿಮ್ಮತ್ತೆ ಇದಾರಲ್ಲ, ಮಾಡಲಿ. ನನ್ನ ನೆಮ್ಮದಿಯಾಗಿರಕ್ಕೆ ಬಿಡು."

ಆ ಕಡೆಯಿಂದ "ಆಯ್ತಮ್ಮ" ಎಂದು ಕೇಳಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಫೋನನ್ನು ಕೆಳಗಿಟ್ಟ ಮೇಲೆ ಚಿಕ್ಕವೆಂಕಟಮ್ಮ ಬಚ್ಚಲಿಗೆ ಹೋಗಿ, ಕಲಾಯಿ ಹಾಕಿಸಿದ್ದ ಹಂಡೆಯ ಪಕ್ಕ ಕೂತು, ಗಂಡ ಸತ್ತಾಗಲೂ ಅಳದಷ್ಟು ಅತ್ತಳು.

ಹೆಣ್ಣು ಮಗು ಹುಟ್ಟಿತು, ಶ್ರೀವಲ್ಲಿ ಎಂದು ಹೆಸರಿಟ್ಟರು. ನಾಮಕರಣಕ್ಕೆ ಹೋಗದೆ ಇರಲಾಗಲಿಲ್ಲ. ಹೋದಳು, ಬಾಗಿಲ ಹತ್ತಿರವೇ ನಿಂತಳು. ಅಳಿಯ ಅಚ್ಯುತ್ ಮಗುವನ್ನು ಎತ್ತಿಕೊಂಡು ಬಂದು, "ತಗಳಿ ಅತ್ತೆ, ನಿಮ್ಮ ಮೊಮ್ಮಗಳು" ಎಂದು ಕೈಗೆ ಕೊಡಲು ಬಂದ. ಅವಳು ಹಾವು ತುಳಿದವಳಂತೆ ಹಿಂದಕ್ಕೆ ಸರಿದು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಮನೆ ತುಂಬ ಜನ ಇದ್ದರು, ಎಲ್ಲರೂ ನೋಡಿದರು. ಶ್ಯಾಮಲಮ್ಮ ಯಾರನ್ನೂ ಉದ್ದೇಶಿಸದೆ, ಎಲ್ಲರಿಗೂ ಕೇಳುವಂತೆ, "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದಳು. ತನುಜ ತಾಯಿಯ ಮುಖವನ್ನೊಮ್ಮೆ ನೋಡಿ, ಮಗುವನ್ನು ಎದೆಗವಚಿಕೊಂಡು ಒಳಗೆ ಹೋದವಳು ಊಟದ ಹೊತ್ತಿಗೂ ಹೊರಗೆ ಬರಲಿಲ್ಲ. ಆಮೇಲೆ ಫೋನೂ ನಿಂತಿತು.

ಶಿಡ್ಲಘಟ್ಟದ ಆ ಒಂಟಿ ಮನೆಯಲ್ಲಿ ಚಿಕ್ಕವೆಂಕಟಮ್ಮ ತನಗೊಂದು ತಟ್ಟೆ, ತನಗೊಂದು ಚೊಂಬು ಬೇರೆ ಮಾಡಿಕೊಂಡಳು. ಇದ್ದವಳು ಅವಳೊಬ್ಬಳೇ, ಬೇರೆ ಮಾಡಿದ್ದು ಯಾರಿಂದ ಎಂದು ಕೇಳಬೇಡಿ. ಡಾಕ್ಟರು ಕೊಟ್ಟ ಎಣ್ಣೆ ಮುಗಿಯುವ ತನಕ ಹಚ್ಚಿದಳು, ಮತ್ತೆ ಅತ್ತ ಹೋಗಲಿಲ್ಲ. ಪೆದ್ದರೋಗಕ್ಕೆ ಮದ್ದಿದೆ ಎಂದು ಅವಳು ನಂಬಿರಲಿಲ್ಲ. ದುಃಖ ಹೆಚ್ಚಾದ ಹಾಗೆ ಹೊಟ್ಟೂ ಹೆಚ್ಚಾಯಿತು, ಮೊಣಕೈಗೆ ಬಂತು, ತಲೆಗೆ ಬಂತು. ಬೆಳಿಗ್ಗೆ ಎದ್ದು ಚಾಪೆ ಕೊಡವಿದರೆ ಬೆಳ್ಳಗೆ ಉದುರುತ್ತಿತ್ತು. ಬೀದಿಯಲ್ಲಿ ಯಾವುದಾದರೂ ಕೂಸು ಅತ್ತರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಒಂದೂವರೆ ವರ್ಷದ ಮೇಲೆ ಆ ಬಾಗಿಲನ್ನು ತೆಗೆಸಿದವಳು ನೂರುನ್ನೀಸಾ. ಅವಳ ಸೊಸೆ ಲುಬ್ನಾ ಹೆತ್ತಿದ್ದಳು. ಮೂರು ಸಲ ಹೇಳಿ ಕಳಿಸಿದರೂ ಬಾರದವಳನ್ನು ಬೈಯಲೆಂದೇ ಬುರ್ಖಾ ಎತ್ತಿಕಟ್ಟಿಕೊಂಡು ಬಂದಳು.

"ಏನ್ ವೆಂಕಟಮ್ಮಾ, ದೊಡ್ಡ ಮನುಷ್ಯಳಾಗ್ಬಿಟ್ಯಾ? ಮಗೂಗೆ ಯಾರೋ ಎರೀತಾಳೆ, ಅದು ಉಸಿರು ಕಟ್ಟೋ ಹಂಗೆ ಅಳ್ತೈತೆ. ಏಳು, ನಡಿ."

"ಆಗಲ್ಲ ನೂರಮ್ಮ."

"ಸೊಂಟ ಗಿಂಟ ನಂಗೆ ಹೇಳ್ಬೇಡ. ನೆನ್ನೆ ಬೋರ್‌ವೆಲ್ಲಿಂದ ಎರಡು ಬಿಂದಿಗೆ ಹೊತ್ಕೊಂಡು ಬಂದಿದ್ದು ನಾನೇ ನೋಡ್ದೆ." ಮಾತಾಡಿ ಗಂಟಲು ಒಣಗಿದ ನೂರುನ್ನೀಸಾ ಕೈಗೆ ಸಿಕ್ಕ ಚೊಂಬನ್ನು ಎತ್ತಿ ನೀರು ಬಾಯಿಗೆ ಹಿಡಿದಳು.

ಚಿಕ್ಕವೆಂಕಟಮ್ಮ ಹಾರಿ ಬಂದು ಚೊಂಬನ್ನು ಕಿತ್ತುಕೊಂಡಳು. "ಅದು ನಂದು! ಬೇಡ ನೂರಮ್ಮ, ನಿನ್ನ ದಮ್ಮಯ್ಯ, ಉಗುಳ್ಬಿಡು!"

ಆಮೇಲೆ ಬಚ್ಚಿಡಲು ಏನೂ ಉಳಿಯಲಿಲ್ಲ. ಗೋಡೆಗೆ ಆತು ಕೂತು, ಡಾಕ್ಟರು ಹೇಳಿದ ಆ ಒಂದು ಮಾತನ್ನು ಹೇಳಿದಳು. ಮೊದಲ ಸಲ ಅದು ಅವಳ ಬಾಯಿಂದ ಹೊರಗೆ ಬಂದಿತ್ತು. ನೂರುನ್ನೀಸಾ ಬೆಚ್ಚಿದ್ದು ನಿಜ. ಆದರೆ ಎದ್ದು ಹೋಗಲಿಲ್ಲ. ಹತ್ತಿರ ಸರಿದು, ಗೆಳತಿಯ ಸೀರೆಯನ್ನು ಮೊಣಕಾಲ ತನಕ ಎತ್ತಿ ಕಾಲನ್ನು ದಿಟ್ಟಿಸಿ ನೋಡಿದಳು.

"ಅರೆ, ಇದು ನಮ್ಮ ಅಫ್ಜಲ್ ಮಾವಂಗೂ ಇತ್ತಲ್ಲ! ಬೆಂಗಳೂರಲ್ಲಿ ಏನೋ ಸೋರಿಯಾಸಿಸ್ ಅಂದ್ರು. ಅವನ ಹೆಂಡ್ತಿ ಮೂವತ್ತು ವರ್ಷ ಪಕ್ಕದಲ್ಲೇ ಮಲಗಿದ್ಲು, ಅವಳಿಗೇನೂ ಆಗ್ಲಿಲ್ಲ. ನಿಂಗೆ ಕುಷ್ಠ ಅಂದ ಡಾಕ್ಟರ್ ಯಾರು? ನಡಿ, ಅವನ ಗಡ್ಡ ಹಿಡಿದು ಕೇಳ್ತೀನಿ."

ಡಾಕ್ಟರಿಗೆ ಗಡ್ಡವಿರಲಿಲ್ಲ, ಬಚಾವಾದರು. ನೂರುನ್ನೀಸಾ ಕೂಗಾಡಿದ್ದನ್ನೆಲ್ಲ ಕೇಳಿಸಿಕೊಂಡು ಅವರ ಮುಖ ಬಿಳಿಚಿಕೊಂಡಿತು. ಕುರ್ಚಿಯಿಂದ ಎದ್ದು ಬಂದು ಚಿಕ್ಕವೆಂಕಟಮ್ಮನ ಎದುರು ಸ್ಟೂಲಿನ ಮೇಲೆ ಕೂತರು.

"ಅಮ್ಮ, ನಮ್ಮ ಹಳೇ ಪುಸ್ತಕಗಳಲ್ಲಿ ಚರ್ಮದ ಕಾಯಿಲೆಗೆಲ್ಲ ಕುಷ್ಠ ಅಂತಲೇ ಹೆಸರು. ಹದಿನೆಂಟು ತರ ಹೇಳಿದಾರೆ. ಕಜ್ಜಿ, ತುರಿಕೆ, ಹಿಮ್ಮಡಿ ಒಡೆಯೋದು ಕೂಡ ಅದರಲ್ಲೇ ಬರುತ್ತೆ. ಜನ ಹೆದರೋ ಆ ರೋಗ ಬೇರೆ. ಅದಾಗಿದ್ರೆ ಮಚ್ಚೆ ಮುಟ್ಟಿದ್ರೆ ನಿಮಗೆ ಗೊತ್ತೇ ಆಗ್ತಿರಲಿಲ್ಲ, ನಿಮಗೆ ತುರಿಕೆ ಇದೆಯಲ್ಲ? ಆ ರೋಗಕ್ಕೂ ಈಗ ಒಳ್ಳೇ ಮಾತ್ರೆ ಇದೆ, ಯಾರೂ ದೂರ ಇಡಬೇಕಾಗಿಲ್ಲ. ನಿಮ್ಮದು ಅಂಟೋದೇ ಇಲ್ಲ. ಅವತ್ತೇ ಹೇಳಿದ್ದೆ ನಾನು."

"ಹೇಳಿದ್ರಾ ಸ್ವಾಮಿ?" ಎಂದಳು ಚಿಕ್ಕವೆಂಕಟಮ್ಮ.

ಡಾಕ್ಟರು ತಲೆ ತಗ್ಗಿಸಿದರು. "ಆ ಪದ ಬಾಯಿಗೆ ತಂದಿದ್ದೇ ನನ್ನ ತಪ್ಪು. ಇವತ್ತೇ ಹೋಗಿ ಅಮ್ಮ, ಮಗಳ ಮನೆಗೆ. ಕಾಲು ವಾಸಿಯಾಗೋ ತನಕ ಕಾಯಬೇಡಿ."

ಆಗಲೇ ಹೋಗಬೇಕಾಗಿತ್ತು. ಬಸ್‌ಸ್ಟ್ಯಾಂಡು ಅಲ್ಲೇ ಇತ್ತು, ಗೌರಿಬಿದನೂರಿನ ಬಸ್ಸೂ ನಿಂತಿತ್ತು, ನೂರುನ್ನೀಸಾ ಕೈ ಹಿಡಿದು ಎಳೆದಳು ಕೂಡ. ಚಿಕ್ಕವೆಂಕಟಮ್ಮ ಒಪ್ಪಲಿಲ್ಲ. ಎರೆಯುವವಳ ಬಿಂಕ ಅದು. "ಈ ಕಾಲು ಇಟ್ಕೊಂಡು ಏನಂತ ಹೋಗ್ಲಿ? ಶುದ್ಧವಾಗಲಿ, ಬರಿಗಾಲ ಮೇಲೆ ಮಲಗಿಸ್ಕೊಂಡು ಎರೀತೀನಿ. ಆಗ ಅವಳಿಗೇ ಎಲ್ಲಾ ಗೊತ್ತಾಗ್ತೈತೆ" ಎಂದಳು. ಮೊಮ್ಮಗಳು ಅವಳ ಮನಸ್ಸಿನಲ್ಲಿ ನಾಮಕರಣದ ದಿನದಷ್ಟೇ ದೊಡ್ಡವಳಾಗಿ ಉಳಿದಿದ್ದಳು. ಮಕ್ಕಳು ಯಾರ ಕಾಲಿಗೂ ಕಾಯದೆ ಬೆಳೆಯುತ್ತವೆ ಎಂಬುದು ಊರಿಗೆಲ್ಲ ಗೊತ್ತು, ಅವಳಿಗೆ ಗೊತ್ತಿರಲಿಲ್ಲವೇ?

ಅಂದಿನಿಂದ ಅವಳಷ್ಟು ಹಟದಿಂದ ಔಷಧಿ ಮಾಡಿದವರನ್ನು ಡಾಕ್ಟರು ಕಂಡಿರಲಿಲ್ಲ. ಬೇವಿಗಿಂತ ಕಹಿಯಾದ ತುಪ್ಪವನ್ನು ಬರಿಹೊಟ್ಟೆಗೆ ದಿನ ದಿನಕ್ಕೆ ಹೆಚ್ಚಿಸಿ ಕುಡಿದಳು. ಮೈಗೆಲ್ಲ ಎಣ್ಣೆ ತಿಕ್ಕಿ ಹಬೆ ಕೊಟ್ಟರು, ಭೇದಿಗೆ ಕೊಟ್ಟು ಹೊಟ್ಟೆ ತೊಳೆದರು. ಮಲಗಿಸಿ ಹಣೆಯ ಮೇಲೆ ಔಷಧಿಯ ಮಜ್ಜಿಗೆಯನ್ನು ಸಣ್ಣಗೆ ಧಾರೆ ಬಿಟ್ಟಾಗ, "ಜೀವಮಾನವೆಲ್ಲ ಊರಿಗೆ ನಾನು ಎರೆದೆ, ಈಗ ನಂಗೆ ನೀವು ಎರೀತಿದೀರಿ" ಎಂದು ಕಣ್ಣು ಮುಚ್ಚಿಕೊಂಡೇ ನಕ್ಕಳು. ಬೆಪ್ಪಾಲೆ ಸೊಪ್ಪನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕಿ ಬಿಸಿಲಿಗಿಟ್ಟರೆ ಎಣ್ಣೆ ನೇರಳೆಗೆ ತಿರುಗುತ್ತದೆ, ಅದನ್ನು ಹಚ್ಚಿಕೊಂಡು ಬೆಳಗಿನ ಎಳೆ ಬಿಸಿಲಿಗೆ ಕಾಲು ನೀಡಿ ಕೂರುತ್ತಿದ್ದಳು. ಮೊಸರು ಬಿಟ್ಟಳು, ಹುಳಿ ಬಿಟ್ಟಳು, ಪ್ರಾಣವಾಗಿದ್ದ ಮೀನಿನ ಸಾರನ್ನೂ ಬಿಟ್ಟಳು. ಒಂದು ಸಲ ಕಡಿಮೆಯಾಗಿ ಚಳಿಗೆ ಮತ್ತೆ ಬಂತು, ಮತ್ತೆ ಮೊದಲಿನಿಂದ ಶುರುಮಾಡಿದಳು. ಮರು ಬೇಸಿಗೆಯ ಹೊತ್ತಿಗೆ ಕಾಲು ತಿಳಿಯಾಯಿತು. ಮಚ್ಚೆಯಿದ್ದ ಕಡೆ ಮಾಸಿದ ನೆರಳು ಬಿಟ್ಟರೆ ಬೇರೇನೂ ಉಳಿಯಲಿಲ್ಲ.

ಹೇಳದೆ ಕೇಳದೆ ಗೌರಿಬಿದನೂರಿಗೆ ಹೋದಳು. ಬಾಗಿಲು ತೆಗೆದ ತನುಜ "ಬಾಮ್ಮ" ಎಂದಳು. ನೀರು ಕೊಟ್ಟಳು, ಕಾಫಿ ಕೊಟ್ಟಳು, ನೆಂಟರಿಗೆ ಕೊಡುವ ಹಾಗೆ ತಟ್ಟೆಯಲ್ಲಿ ಬಿಸ್ಕತ್ತು ಇಟ್ಟಳು. ಶ್ಯಾಮಲಮ್ಮ ಕೈವಾರಕ್ಕೆ ಹೋಗಿದ್ದಳು, ಅಷ್ಟು ಪುಣ್ಯ. ಶ್ರೀವಲ್ಲಿ ಬಾಗಿಲ ಸಂದಿಯಿಂದ ಇಣುಕಿ ನೋಡುತ್ತಿದ್ದಳು. ಮೂರು ತುಂಬಲು ಬಂದಿತ್ತು ಅವಳಿಗೆ.

"ಇವತ್ತು ನಾನು ಎರೀಲೇನೇ ಮಗೂಗೆ?" ಎಂದು ಚಿಕ್ಕವೆಂಕಟಮ್ಮ ಹೆದರಿ ಹೆದರಿ ಕೇಳಿದಳು. ತನುಜ ಟವೆಲು ತಂದು ಬಚ್ಚಲ ಬಾಗಿಲಿಗೆ ಹಾಕಿದಳು.

ಚಿಕ್ಕವೆಂಕಟಮ್ಮ ಸೀರೆ ಎತ್ತಿ ಕಟ್ಟಿದಳು. ಟೈಲ್ಸ್ ನೆಲದ ಮೇಲೆ ಕೂತು, ತಿಂಗಳುಗಟ್ಟಲೆ ಕಹಿ ಕುಡಿದು ತಿಳಿಯಾಗಿಸಿಕೊಂಡ ಕಾಲುಗಳನ್ನು ನೀಡಿದಳು. "ಬಾ ಕಂದ, ಬಾ ನನ್ನಮ್ಮ, ಇಲ್ಲಿ ಮಲಕ್ಕೋ" ಎಂದು ಕೈ ಚಾಚಿದಳು.

ಮಗು ಆ ಕಾಲುಗಳನ್ನು ನೋಡಿತು, ಅವಳನ್ನು ನೋಡಿತು. "ನಾನು ಪಾಪು ಅಲ್ಲ" ಎಂದಿತು. ಷವರಿನ ಕೆಳಗೆ ಹೋಗಿ ನಿಂತುಕೊಂಡು ಅಮ್ಮನನ್ನು ಕೂಗಿತು. ತನುಜ ಬಂದು ಸ್ನಾನ ಮಾಡಿಸಿದಳು. ಚಿಕ್ಕವೆಂಕಟಮ್ಮ ಕಾಲು ಮಡಿಚಿಕೊಂಡು, ಗೋಡೆ ಹಿಡಿದು ಎದ್ದು ಹೊರಗೆ ಬಂದಳು.

ಊಟಕ್ಕೆ ಕೂತಾಗ ಹೇಳಿದಳು. ಡಾಕ್ಟರ ಮಾತು, ತಾನು ಅರ್ಥ ಮಾಡಿಕೊಂಡಿದ್ದು, ಬೇರೆ ಮಾಡಿದ ತಟ್ಟೆ ಚೊಂಬು, ನಾಮಕರಣದ ದಿನ ಕೈ ಹಿಂದೆ ಕಟ್ಟಿಕೊಂಡಿದ್ದು, ಒಂದನ್ನೂ ಬಿಡದೆ ಹೇಳಿದಳು. ಹೇಳಿ ಮುಗಿದ ಮೇಲೆ ಮಗಳು ತಬ್ಬಿಕೊಂಡು ಅಳುತ್ತಾಳೆ ಎಂದು ಅವಳು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ತನುಜ ಅಳಲಿಲ್ಲ. ತಟ್ಟೆಯಲ್ಲಿ ಅನ್ನ ಕಲಸುತ್ತಿದ್ದ ಕೈ ನಿಂತಿತ್ತು.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೆಂಗೆ ಹೇಳ್ಲಿ ಕಣಮ್ಮ? ಪೆದ್ದರೋಗ ಅಂದ್ರೆ ಸುಮ್ನೇನಾ? ಗೊತ್ತಾದ್ರೆ ನೀನು..."

"ನಾನು? ಏನ್ ಮಾಡ್ತಿದ್ದೆ ನಾನು? ಹೇಳು."

ಚಿಕ್ಕವೆಂಕಟಮ್ಮ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನಿನ್ನ ಬಿಟ್ಬಿಡ್ತೀನಿ ಅಂದ್ಕೊಂಡೆ ಅಲ್ವಾ?" ತನುಜಳ ದನಿ ಏರಲಿಲ್ಲ. "ನಮ್ಮತ್ತೆ ದಿನಾ ಆಡ್ಕೋತಿದ್ರು ನನ್ನ. ನಮ್ಮಮ್ಮಂಗೆ ನಾನು ಬೇಡವಾದೆ ಅಂತ ಅದನ್ನ ಹೆಂಗೋ ನುಂಗ್ಕೊಂಡಿದ್ದೆ. ನಿಂಗೆ ನಿಜವಾಗ್ಲೂ ಕುಷ್ಠನೇ ಬಂದಿದ್ರೂ, ಹೊಟ್ಟೇಲಿ ಮಗು ಇಟ್ಕೊಂಡೇ ಓಡಿ ಬರ್ತಿದ್ದೆ ಕಣಮ್ಮ ನಾನು. ಅಷ್ಟು ವರ್ಷ ಸಾಕಿದೀಯ, ನಿನ್ನ ಮಗಳು ಎಂಥವಳು ಅಂತ ನಿಂಗೆ ಗೊತ್ತಾಗ್ಲಿಲ್ವಾ?"

ತಾಯಿ ಕೈ ಚಾಚಿದಳು. ಅಷ್ಟರಲ್ಲಿ ಮಗು ಏನೋ ಬೀಳಿಸಿದ ಸದ್ದಾಗಿ ತನುಜ ಎದ್ದು ಒಳಗೆ ಹೋದಳು. ಅವಳು ಬೇಕೆಂದು ಎದ್ದು ಹೋದಳೋ ಮಗುವಿಗಾಗಿ ಹೋದಳೋ ಚಿಕ್ಕವೆಂಕಟಮ್ಮನಿಗೆ ತಿಳಿಯಲಿಲ್ಲ.

ಸಂಜೆಯ ಬಸ್ಸಿಗೆ ಹೊರಟಳು. ತನುಜ ಹಣ್ಣು ಕಾಯಿ ಕೊಟ್ಟು, ತಾಯಿಯ ಕಾಲಿಗೆ ನಮಸ್ಕಾರ ಮಾಡಿದಳು. ಆ ಕಾಲನ್ನು ಎರಡೂ ಕೈಯಿಂದ ಮುಟ್ಟಿ, ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದಳು. ಆದರೆ ಇವತ್ತೊಂದು ದಿನ ಇದ್ದು ಹೋಗಮ್ಮ ಎಂದು ಹೇಳಲಿಲ್ಲ. ಚಿಕ್ಕವೆಂಕಟಮ್ಮ ಅದನ್ನೇ ಕಾಯುತ್ತಾ ಚಪ್ಪಲಿ ಮೆಟ್ಟಲು ಬಹಳ ಹೊತ್ತು ಮಾಡಿದಳು.